ನಲವತ್ತೇಳನೆಯವಳ ತಾತ

ಅವಳಿಗೆ ಸೊಳ್ಳೆಯಕ್ಕ ಎಂದು ಹೆಸರಿಟ್ಟದ್ದು ನಾಲ್ಕು ವರ್ಷದ ಒಂದು ಹುಡುಗಿ. ತೋಳಿಗೆ ರಬ್ಬರ್ ಪಟ್ಟಿ ಬಿಗಿದದ್ದು, ಸೂಜಿ ಒಳಗೆ ಹೋದದ್ದು, ರಕ್ತ ಸರ್ರನೆ ಟ್ಯೂಬಿಗೆ ಏರಿದ್ದು, ಎಲ್ಲವನ್ನೂ ಆ ಮಗು ಅಳುವುದನ್ನೇ ಮರೆತು, ಬಿಟ್ಟ ಕಣ್ಣು ಬಿಟ್ಟಂತೆಯೇ ನೋಡಿತು. ಆಮೇಲೆ ತಾಯಿಯ ಕಡೆ ತಿರುಗಿ, ‘ಈ ಅಕ್ಕ ಸೊಳ್ಳೆ’ ಎಂದು ತೀರ್ಪು ಕೊಟ್ಟಿತು. ಖಾಲಿ ಹೊಟ್ಟೆಯಲ್ಲಿ ಸಾಲಾಗಿ ಕೂತಿದ್ದ ಇಪ್ಪತ್ತು ಮಂದಿ ಅದೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಆಸ್ಪತ್ರೆಯ ಬಾಗಿಲು ಕಾಯುವವನಿಂದ ಹಿಡಿದು ದೊಡ್ಡ ಡಾಕ್ಟರರ ತನಕ ಎಲ್ಲರಿಗೂ ಅವಳು ಸೊಳ್ಳೆಯಕ್ಕ. ಅವಳಿಗೆ ಬೇಜಾರೇನಿಲ್ಲ. ‘ಸೊಳ್ಳೆ ಕೇಳದೆ ಕುಡಿಯುತ್ತೆ, ನಾನು ಕೇಳಿ ತಗೋತೀನಿ. ಅಷ್ಟೇ ವ್ಯತ್ಯಾಸ’ ಎನ್ನುತ್ತಿದ್ದಳು.

ಹತ್ತೊಂಬತ್ತನೆಯ ವಯಸ್ಸಿಗೆ ಆ ಕೋಣೆ ಹೊಕ್ಕವಳು, ಹನ್ನೊಂದು ವರ್ಷವಾದರೂ ಅಲ್ಲೇ ಇದ್ದಳು. ಕೋಣೆ ಎಂದರೆ ದೊಡ್ಡದೇನಲ್ಲ. ಒಂದು ಕಡೆ ಅಗಲವಾದ ಕೈಯಿರುವ ಕುರ್ಚಿ, ಪಕ್ಕದಲ್ಲಿ ಸೂಜಿ ಹತ್ತಿಗಳ ತಟ್ಟೆ, ಹಿಂದಿನ ಗೋಡೆಯಲ್ಲಿ ಒಂದು ಕಿಂಡಿ. ಬೆಳಗ್ಗೆ ಆರೂವರೆಗೆ ಬಾಗಿಲು ತೆಗೆದರೆ ಮಧ್ಯಾಹ್ನದೊಳಗೆ ಅರವತ್ತು ತೋಳು. ರಕ್ತ ತೆಗೆದು, ಟ್ಯೂಬಿಗೆ ಲೇಬಲ್ ಅಂಟಿಸಿ, ಕಿಂಡಿಯಲ್ಲಿ ಇಡಬೇಕು. ಆಚೆಯಿಂದ ಒಂದು ಕೈ ಬಂದು ಟ್ಯೂಬನ್ನು ಒಳಗೆ ಎಳೆದುಕೊಳ್ಳುತ್ತದೆ. ಅಲ್ಲಿಗೆ ಅವಳ ಕೆಲಸ ಮುಗಿಯಿತು. ಟ್ಯೂಬಿನೊಳಗೆ ಏನಿತ್ತು, ಅದನ್ನು ಕೊಟ್ಟವರಿಗೆ ಏನಾಯಿತು, ಇದೆಲ್ಲ ಅವಳಿಗೆ ಸಂಬಂಧಪಟ್ಟದ್ದಲ್ಲ. ರಿಪೋರ್ಟು ಬೇರೆ ಕೌಂಟರಿನಲ್ಲಿ, ಬೇರೆಯವರ ಕೈಯಲ್ಲಿ, ಮುಚ್ಚಿದ ಲಕೋಟೆಯಲ್ಲಿ ಹೋಗುತ್ತದೆ.

ಸಂಬಂಧಪಟ್ಟದ್ದಲ್ಲ ಎಂದರೆ ಕೇಳುವ ಜೀವವೇ ಅದು? ಎಂಟು ವರ್ಷದವಳಿದ್ದಾಗ, ಹೊಲಿಗೆ ಯಂತ್ರದ ಸೂಜಿ ಕೆಳಗಿನ ದಾರವನ್ನು ಎಲ್ಲಿಂದ ಎಳೆದು ತರುತ್ತದೆ ಎಂದು ನೋಡಲು ಅಮ್ಮನ ಯಂತ್ರವನ್ನೇ ಬಿಚ್ಚಿ ನೆಲದ ಮೇಲೆ ಹರಡಿ ಕೂತವಳು. ಅಮ್ಮ ಪರದೆ ಹೊಲಿದು ಸಂಸಾರ ಸಾಗಿಸುವವಳು. ಅವತ್ತು ಬಿದ್ದ ಪೆಟ್ಟಿನ ನೆನಪು ಇಬ್ಬರಿಗೂ ಚೆನ್ನಾಗಿದೆ. ಹಾಗೆಂದು ಸೊಳ್ಳೆಯಕ್ಕ ಕಂಡವರ ವಿಷಯದಲ್ಲಿ ಮೂಗು ತೂರಿಸುತ್ತಾಳೆ ಎಂದುಕೊಳ್ಳಬೇಡಿ. ತೂರಿಸುವುದಿಲ್ಲ, ಅದೇ ಅವಳ ಸಂಕಟ. ನಾಲಿಗೆಯ ತುದಿಗೆ ಬಂದ ಪ್ರಶ್ನೆಯನ್ನು ದಿನಕ್ಕೆ ಅರವತ್ತು ಸಲ ನುಂಗಿಕೊಂಡರೆ ಯಾರಿಗೆ ತಾನೇ ಅಜೀರ್ಣವಾಗುವುದಿಲ್ಲ? ಅವಳಿಗೂ ಆಯಿತು. ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಯಾರಿಗೂ ಹೇಳದೆ, ಮೆಡಿಕಲ್ ಕಾಲೇಜಿನ ಪ್ರವೇಶ ಪರೀಕ್ಷೆ ಬರೆದಳು. ಪಾಸೂ ಆದಳು, ಅದೂ ಒಳ್ಳೆಯ ಅಂಕದಲ್ಲಿ.

ಆದರೆ ಆ ಕಾಲೇಜಿನಲ್ಲಿ ಪರೀಕ್ಷೆ ಪಾಸಾದರೆ ಅರ್ಧ ಬಾಗಿಲು ಮಾತ್ರ ತೆರೆಯುತ್ತದೆ. ಇನ್ನರ್ಧಕ್ಕೆ ಇಂಟರ್‌ವ್ಯೂ. ಮೂರು ಜನ ಮೇಜಿನ ಆಚೆ ಕೂತು ಇಪ್ಪತ್ತು ನಿಮಿಷ ಮಾತಾಡಿಸಿ, ಈ ಮನುಷ್ಯ ಡಾಕ್ಟರ್ ಆಗಬಹುದೋ ಬೇಡವೋ ಎಂದು ತೀರ್ಮಾನ ಮಾಡುತ್ತಾರೆ. ಒಬ್ಬರಿಗೆ ಮೂರೇ ಅವಕಾಶ. ಮೂರನೆಯದರಲ್ಲೂ ಬೇಡ ಎಂದರೆ ಆ ಬಾಗಿಲು ಜೀವಮಾನಕ್ಕೆ ಮುಚ್ಚಿತು.

ವಿಷಯ ಮನೆಯಲ್ಲಿ ಗೊತ್ತಾದ ಕೂಡಲೇ ಚಿಕ್ಕಮ್ಮ ಅಖಾಡಕ್ಕೆ ಇಳಿದರು. ಇವರು ಅಮ್ಮನ ತಂಗಿ, ಅದೇ ಕಟ್ಟಡದಲ್ಲಿ ಎರಡು ಮಹಡಿ ಮೇಲಿರುವವರು, ಶಾಲೆಯ ಹೆಡ್ಮಿಸ್ಸಾಗಿ ನಿವೃತ್ತರಾದವರು. ನಿವೃತ್ತಿಯಾದದ್ದು ಕೆಲಸದಿಂದ, ಹೆಡ್ಮಿಸ್ ಆಗಿರುವುದರಿಂದಲ್ಲ. ಊಟದ ಮೇಜಿನ ಮೇಲಿದ್ದ ಪರದೆ ಬಟ್ಟೆಗಳನ್ನು ಒಂದು ಕಡೆಗೆ ಸರಿಸಿ, ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸೊಳ್ಳೆಯಕ್ಕನನ್ನು ಬಾಗಿಲಿನ ಆಚೆಗೆ ಕಳಿಸಿ, ‘ಒಳಗೆ ಬನ್ನಿ’ ಎಂದು ಕರೆಯುತ್ತಿದ್ದರು. ನಲವತ್ತು ಪ್ರಶ್ನೆ, ನಲವತ್ತು ಉತ್ತರ, ಎಲ್ಲವೂ ಅವರದೇ ಕೈಬರಹದಲ್ಲಿ.

‘ಯಾಕೆ ಡಾಕ್ಟರ್ ಆಗ್ಬೇಕು ಅಂತಿದೀರ?’

‘ಒಳಗೆ ಏನಿರುತ್ತೆ ಅಂತ ತಿಳ್ಕೊಳ್ಳೋಕೆ.’

‘ತಪ್ಪು’ ಎಂದು ಚಿಕ್ಕಮ್ಮ ಪೆನ್ಸಿಲ್ಲಿನಿಂದ ಮೇಜು ಕುಟ್ಟಿದರು. ‘ಹಾಗೆಲ್ಲ ಹೇಳಿದ್ರೆ ಯಾರು ಸೀಟು ಕೊಡ್ತಾರೆ? ಜನರ ಸೇವೆ ಮಾಡೋಕೆ ಅನ್ನು.’

ಅಮ್ಮನದು ಎರಡನೆಯ ಸದಸ್ಯೆಯ ಪಾತ್ರ. ಅವಳಿಗೆ ಕೊಟ್ಟ ಪ್ರಶ್ನೆಗಳನ್ನು ಬಿಟ್ಟು ಅವಳು ಬೇರೆಯೇ ಏನಾದರೂ ಕೇಳುತ್ತಿದ್ದಳು. ‘ಓದು ಮುಗಿಯೋ ಹೊತ್ತಿಗೆ ನಿನಗೆ ಎಷ್ಟು ವಯಸ್ಸಾಗುತ್ತೆ?’

‘ಅದು ಸಿಲಬಸ್‌ನಲ್ಲಿಲ್ಲ ಅಕ್ಕ’ ಎಂದು ಚಿಕ್ಕಮ್ಮ ಗದರುತ್ತಿದ್ದರು.

‘ನನ್ನ ಸಿಲಬಸ್‌ನಲ್ಲಿದೆ’ ಎಂದು ಅಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು.

ಮೊದಲನೆಯ ಇಂಟರ್‌ವ್ಯೂ ಕೆಟ್ಟದ್ದಕ್ಕೆ ಕಾರಣ ಕೇಳಿದರೆ ನಗುತ್ತೀರಿ. ಒಂಬತ್ತು ವರ್ಷ ಜನರ ಮೊಣಕೈ ಒಳಮಗ್ಗುಲನ್ನೇ ನೋಡಿದವಳು ಅವಳು. ಎದುರಿಗೆ ಕೂತವರು ಅರ್ಧ ತೋಳಿನ ಅಂಗಿ ಹಾಕಿದ್ದರು. ಅವರ ಎಡಗೈಯ ನರ ಹಗ್ಗದ ಹಾಗೆ ಎದ್ದು ಕಾಣುತ್ತಿತ್ತು. ಅಂಥ ನರ ಕಂಡರೆ ಆ ಕೆಲಸದವರಿಗೆ ಆಗುವ ಆನಂದವೇ ಬೇರೆ. ಇಪ್ಪತ್ತು ನಿಮಿಷವೂ ಅವಳು ಆ ನರದ ಜೊತೆಗೇ ಮಾತಾಡಿದಳು. ‘ಅಭ್ಯರ್ಥಿ ಮುಖ ನೋಡಿ ಮಾತಾಡುವುದಿಲ್ಲ’ ಎಂದು ಕಾಗದ ಬಂತು. ಎರಡನೆಯ ವರ್ಷ ಕಣ್ಣಲ್ಲಿ ಕಣ್ಣಿಟ್ಟು, ಚಿಕ್ಕಮ್ಮನ ನಲವತ್ತು ಉತ್ತರಗಳನ್ನೂ ಒಂದಕ್ಷರ ಬಿಡದೆ ಒಪ್ಪಿಸಿ ಬಂದಳು. ಈ ಸಲದ ಕಾಗದದಲ್ಲಿ ಎರಡೇ ಸಾಲು: ‘ಉತ್ತರಗಳು ಸರಿಯಾಗಿವೆ. ಅಭ್ಯರ್ಥಿ ಯಾರೆಂದು ತಿಳಿಯಲಿಲ್ಲ.’

ಚಿಕ್ಕಮ್ಮನಿಗೆ ಮುಖಕ್ಕೆ ಹೊಡೆದಂತಾಯಿತು. ‘ಯಾರೆಂದು ತಿಳಿಯಲಿಲ್ಲ ಅಂದ್ರೇನು? ಗುರುತಿನ ಚೀಟಿ ತೋರಿಸಿರ್ಲಿಲ್ವಾ?’ ಎಂದು ಒಂದು ವಾರ ಕೂಗಾಡಿದರು. ಸೊಳ್ಳೆಯಕ್ಕ ಮಾತ್ರ ಆ ಎರಡು ಸಾಲನ್ನು ಮಡಿಸಿ ಕೋಟಿನ ಜೇಬಿನಲ್ಲಿ ಇಟ್ಟುಕೊಂಡು, ಬಿಡುವಾದಾಗಲೆಲ್ಲ ತೆಗೆದು ಓದಿದಳು. ಅವಮಾನ ಅನ್ನಿಸಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅವಮಾನಕ್ಕಿಂತ ಹೆಚ್ಚಾಗಿ, ಆ ಮೂವರು ಏನು ತಿಳಿಯಬೇಕೆಂದಿದ್ದರು ಎಂಬುದೇ ಅವಳ ತಲೆಯೊಳಗೆ ಹುಳ ಬಿಟ್ಟಿತ್ತು.

ಹೀಗೆ ಮೂರನೆಯ ವರ್ಷ ಬಂತು. ಆ ಬೆಳಗ್ಗೆ ಅಮ್ಮ ಅವಳ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಎಳೆದು ನೋಡಿ, ಗಟ್ಟಿಯಾಗಿದ್ದ ಒಂದನ್ನು ಕಿತ್ತು ಮತ್ತೆ ಹೊಲಿದುಕೊಟ್ಟಳು. ಮಾತು ಬಾರದ ಹೊತ್ತಿನಲ್ಲಿ ಅಮ್ಮ ಮಾಡುವ ಕೆಲಸ ಅದೊಂದೇ.

ಕಾಲೇಜಿನ ಮೊದಲ ಮಹಡಿಯಲ್ಲಿ ಉದ್ದನೆಯ ಓಣಿ, ಗೋಡೆಗೆ ಒರಗಿಸಿದ ಕುರ್ಚಿಗಳು. ಪ್ರತಿಯೊಬ್ಬರ ಎದೆಗೂ ಒಂದು ನಂಬರು ಕೊಟ್ಟಿದ್ದರು. ಅದನ್ನು ಒಳಗೆ ಹೋಗುವಾಗ ಬಿಚ್ಚಿ ಬಾಗಿಲ ಬಳಿಯ ಬುಟ್ಟಿಗೆ ಹಾಕಬೇಕು. ಇವಳದು ನಲವತ್ತೆಂಟು. ಪಕ್ಕದ ನಲವತ್ತೇಳು ಹದಿನೆಂಟರ ಹುಡುಗಿ, ಉಗುರು ಕಚ್ಚಿ ಕಚ್ಚಿ ಬೆರಳಿನ ತುದಿ ಕೆಂಪಾಗಿಸಿಕೊಂಡಿದ್ದಳು.

‘ಅಕ್ಕಾ, ನಿಮಗೆ ಹೆದರಿಕೆ ಆಗಲ್ವಾ?’

‘ಆಗುತ್ತೆ. ಆದ್ರೆ ನನಗೆ ಮೂರನೇ ಸಲ, ಹೆದರಿಕೆಗೂ ದಾರಿ ಗೊತ್ತಾಗಿಬಿಟ್ಟಿದೆ, ನೇರ ಹೊಟ್ಟೆಗೇ ಬರುತ್ತೆ.’

ಹೊಟ್ಟೆ ಎಂದದ್ದೇ ತಪ್ಪಾಯಿತೇನೋ. ನಲವತ್ತೇಳು ದಡಬಡಿಸಿ ಎದ್ದು ಬಾತ್‌ರೂಮಿನ ಕಡೆಗೆ ಓಡಿದಳು. ಸರಿಯಾಗಿ ಅದೇ ಹೊತ್ತಿಗೆ ಬಾಗಿಲು ತೆರೆಯಿತು. ಒಳಗೆ ಬಿಡುವ ಜವಾನ ಎರಡು ಸಲ ಕೂಗಿ, ಗಡಿಯಾರ ನೋಡಿ, ‘ಇರ್ಲಿ, ನಲವತ್ತೆಂಟು ಯಾರು? ನೀವು ನಡೀರಿ. ಆಯಮ್ಮ ಆಮೇಲೆ ಬರ್ಲಿ’ ಎಂದ. ಒಳಗಿನವರಿಗೆ ಅದನ್ನು ಹೇಳಬೇಕೆಂದು ಅವನಿಗೆ ತೋಚಲಿಲ್ಲ.

ಮೇಜಿನ ಆಚೆ ಮೂವರು. ನಡುವೆ ಅಧ್ಯಕ್ಷೆ, ವಯಸ್ಸಾದ ಡಾಕ್ಟರಮ್ಮ. ಬಲಕ್ಕೆ ನೆಗಡಿಯಾಗಿ ಮೂಗು ಒರೆಸಿಕೊಳ್ಳುತ್ತಿದ್ದ ಯುವ ಡಾಕ್ಟರ್. ಎಡಕ್ಕೆ ಡಾಕ್ಟರಲ್ಲದ ಒಬ್ಬರು. ರೋಗಿಗಳ ಪರವಾಗಿ ಒಬ್ಬರು ಕೂರಬೇಕು ಎಂದು ಕಾಲೇಜಿನ ನಿಯಮ, ಅದಕ್ಕೆ ಒಬ್ಬ ನಿವೃತ್ತ ಪೋಸ್ಟ್‌ಮ್ಯಾನನ್ನು ಕರೆದಿದ್ದರು. ಅಭ್ಯರ್ಥಿಯ ವಯಸ್ಸು, ಫೋಟೋ, ಅಂಕ ಯಾವುದನ್ನೂ ಆ ಮೂವರಿಗೆ ಕೊಡುವುದಿಲ್ಲ, ಪಕ್ಷಪಾತವಾದೀತು ಎಂದು. ಕೊಡುವುದು ನಂಬರು, ಮತ್ತು ಅಭ್ಯರ್ಥಿ ತನ್ನ ಬಗ್ಗೆ ಬರೆದ ಒಂದು ಪುಟ.

‘ಕೂತ್ಕೊಳ್ಳಿ. ನಲವತ್ತೇಳು ನೀವೇ ಅಲ್ವಾ?’ ಎಂದರು ಅಧ್ಯಕ್ಷೆ.

ಸೊಳ್ಳೆಯಕ್ಕ ತಲೆಯಾಡಿಸಿದಳು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ರಕ್ತ ತೆಗೆಯುವವರಿಗೆ ಮೊದಲ ದಿನವೇ ಕಲಿಸುವ ಪಾಠ ಒಂದಿದೆ. ಕುರ್ಚಿಯಲ್ಲಿ ಕೂತವರನ್ನು ‘ನೀವು ಇಂಥವರೇ ಅಲ್ಲವಾ’ ಎಂದು ಎಂದೂ ಕೇಳಬಾರದು. ‘ನಿಮ್ಮ ಹೆಸರೇನು’ ಎಂದೇ ಕೇಳಬೇಕು, ಹೆಸರು ಅವರ ಬಾಯಿಂದಲೇ ಬರಬೇಕು. ಏಕೆಂದರೆ ಹೆದರಿದ ಮನುಷ್ಯ ಯಾವ ಹೆಸರು ಹೇಳಿದರೂ ಹೂಂ ಎನ್ನುತ್ತಾನೆ. ಹಾಗೆ ಹೂಂ ಎಂದವರ ರಕ್ತ ಇನ್ನೊಬ್ಬರ ಹೆಸರಿನಲ್ಲಿ ಕಿಂಡಿಯಾಚೆಗೆ ಹೋಗುತ್ತದೆ. ಹೊಸದಾಗಿ ಸೇರಿದವರಿಗೆಲ್ಲ ಎಷ್ಟೋ ವರ್ಷದಿಂದ ಈ ಪಾಠ ಹೇಳಿಕೊಟ್ಟವಳು ಇದೇ ಸೊಳ್ಳೆಯಕ್ಕ. ಈಗ ಅವಳೇ ಕುರ್ಚಿಯಲ್ಲಿ ಕೂತಿದ್ದಳು, ಪ್ರಶ್ನೆ ಕಿವಿಗೆ ಸ್ಪಷ್ಟವಾಗಿ ಬಿದ್ದಿತ್ತು, ಆದರೂ ತಲೆ ತನ್ನ ಪಾಡಿಗೆ ಆಡಿತ್ತು.

ತಪ್ಪು ಅವಳಿಗೆ ಹೊಳೆಯುವಷ್ಟರಲ್ಲಿ ಯುವ ಡಾಕ್ಟರ್ ಮೊದಲ ಪ್ರಶ್ನೆ ಎಸೆದಾಗಿತ್ತು. ‘ನಿಮ್ಮ ಜೊತೆ ಕೆಲಸ ಮಾಡೋರು ಒಂದು ತಪ್ಪು ಮಾಡಿದಾರೆ. ಯಾರೂ ನೋಡಿಲ್ಲ, ಯಾರಿಗೂ ತೊಂದರೆನೂ ಆಗಿಲ್ಲ. ನೀವೇನು ಮಾಡ್ತೀರಿ?’

ನಂಬರು ತಾನೇ, ಇವರ ಮಾತು ಮುಗಿದ ಮೇಲೆ ಹೇಳಿದರಾಯಿತು ಎಂದುಕೊಂಡು ಅವಳು ಬಾಯಿ ತೆರೆದಳು. ಒಮ್ಮೆ ತಾನೇ ಲೇಬಲ್ ಅದಲುಬದಲು ಮಾಡಿದ್ದು ನೆನಪಾಗಿ ಅದನ್ನೇ ಹೇಳಿದಳು. ‘ಆಗಲೇ ಹೇಳಿಬಿಡ್ಬೇಕು ಸಾರ್. ಆ ನಿಮಿಷದಲ್ಲಿ ಹೇಳಿದ್ರೆ ಅದು ಬರೀ ತಪ್ಪು. ಒಂದು ಗಂಟೆ ಬಿಟ್ರೆ ತಪ್ಪಿನ ಜೊತೆ ಸುಳ್ಳೂ ಸೇರ್ಕೊಳ್ಳುತ್ತೆ. ಆಮೇಲೆ ಬಾಯಿ ಬಿಡೋಕೇ ಆಗಲ್ಲ.’ ಪೋಸ್ಟ್‌ಮ್ಯಾನ್ ತಲೆದೂಗಿದರು. ಯುವ ಡಾಕ್ಟರರ ಪೆನ್ನು ಕಾಗದದ ಮೇಲೆ ಸರಸರ ಓಡಿತು. ಎರಡು ವರ್ಷದಲ್ಲಿ ಅವಳು ಆ ಸದ್ದು ಕೇಳಿರಲಿಲ್ಲ. ಉತ್ತರ ಅಷ್ಟು ಚೆನ್ನಾಗಿ ಬಂದದ್ದಕ್ಕೆ ಹೆಮ್ಮೆ ಪಡಬೇಕೋ, ಆ ಉತ್ತರವನ್ನು ತಾನು ಈ ಕ್ಷಣದಲ್ಲೇ ಪಾಲಿಸುತ್ತಿಲ್ಲ ಎಂದು ನಾಚಿಕೆ ಪಡಬೇಕೋ ತಿಳಿಯದೆ ಅವಳ ಕಿವಿ ಬಿಸಿಯಾಯಿತು. ಇನ್ನೊಂದು ಪ್ರಶ್ನೆ ಬಂತು, ಅದಕ್ಕೂ ಉತ್ತರ ಹೇಳಿದಳು. ಅದೂ ಚೆನ್ನಾಗಿಯೇ ಬಂತು. ಹಾಳಾದ್ದು, ಅವತ್ತೇ ಎಲ್ಲವೂ ಚೆನ್ನಾಗಿ ಬರಬೇಕೇ?

ಆಮೇಲೆ ಅಧ್ಯಕ್ಷೆ ಮುಂದಿದ್ದ ಪುಟವನ್ನು ಕೈಗೆ ತೆಗೆದುಕೊಂಡರು. ಅವರ ದನಿ ಮೆತ್ತಗಾಗಿತ್ತು.

‘ಈ ವಾರ ನಾವು ಓದಿದ್ರಲ್ಲಿ ನನಗೆ ತುಂಬ ಹಿಡಿಸಿದ ಪುಟ ಇದು. ನೆನಪೆಲ್ಲ ಹೋಗಿರೋ ತಾತನ ಜೊತೆ ಮೂರು ವರ್ಷ ಇದೀರಿ. ಅವರಿಗೆ ದಿನಾ ಬೆಳಗ್ಗೆ ನೀವು ಹೊಸಬರೇ. ಅದರ ಬಗ್ಗೆ ಹೇಳಿ.’

ಸೊಳ್ಳೆಯಕ್ಕನ ತಾತ ಅವಳು ಹುಟ್ಟುವ ಮೊದಲೇ ತೀರಿಕೊಂಡವರು. ಹಾಗಾದರೆ ಇಷ್ಟು ಹೊತ್ತು ಬಿದ್ದ ಅಂಕವೆಲ್ಲ ಉಗುರು ಕಚ್ಚುವ ಆ ಹುಡುಗಿಯ ಹಾಳೆಗೆ ಬಿದ್ದಿತ್ತು, ಆ ಹುಡುಗಿ ಬಂದು ಏನು ಹೇಳಿದರೂ ಇವಳ ಹೆಸರಿಗೆ ಬೀಳುತ್ತಿತ್ತು. ಈಗ ಹೇಳಿದರೆ ಮೂರನೆಯ ಅವಕಾಶ ಮಣ್ಣುಪಾಲು, ಅದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಆದರೆ ಒಂದು ವಿಚಿತ್ರ ಹೇಳುತ್ತೇನೆ. ಆ ಭಯದ ಮಧ್ಯದಲ್ಲೂ ಅವಳ ಮನಸ್ಸು ಬಗ್ಗಿ ಆ ಪುಟದ ಕಡೆಗೆ ನೋಡುತ್ತಿತ್ತು. ದಿನಾ ಬೆಳಗ್ಗೆ ಹೊಸಬರು ಅಂದರೇನು? ಆ ತಾತ ಏನು ಕೇಳುತ್ತಾರೆ? ಹುಡುಗಿ ಏನು ಹೇಳುತ್ತಾಳೆ?

‘ಮೇಡಂ, ಆ ತಾತ ನಮ್ಮವರಲ್ಲ’ ಎಂದಳು. ‘ನಾನು ನಲವತ್ತೆಂಟು. ನೀವು ಕೇಳಿದ್ರಿ, ನಾನು ತಲೆ ಆಡಿಸಿದೆ. ಮೊದಲನೇ ಪ್ರಶ್ನೆ ಬರೋಷ್ಟರಲ್ಲೇ ಗೊತ್ತಾಯ್ತು, ಆದ್ರೂ ಹೇಳಲಿಲ್ಲ. ಉತ್ತರ ಚೆನ್ನಾಗಿ ಬರ್ತಿತ್ತು, ಅದಕ್ಕೆ ಹೇಳಲಿಲ್ಲ.’

ಯುವ ಡಾಕ್ಟರ್ ಸೀನುವುದನ್ನು ಅರ್ಧಕ್ಕೇ ನಿಲ್ಲಿಸಿದರು. ಅಧ್ಯಕ್ಷೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

‘ನಂಬರು ನಿಮ್ಮದಲ್ಲ, ಮತ್ತೆ ಯಾಕೆ ತಲೆ ಆಡಿಸಿದ್ರಿ?’

‘ಹೆದರಿಕೆ ಮೇಡಂ. ಹೆದರಿದವರು ಏನು ಕೇಳಿದ್ರೂ ಹೂಂ ಅಂತಾರೆ. ಅದಕ್ಕೇ ನಮ್ಮ ಕೆಲಸದಲ್ಲಿ ಹಾಗೆ ಕೇಳೋದೇ ಇಲ್ಲ. ಹೆಸರು ಅವರ ಬಾಯಿಂದಾನೇ ಹೇಳಿಸ್ತೀವಿ.’ ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ತಪ್ಪು ತನ್ನದು ಎನ್ನಲು ಹೋಗಿ ಅಧ್ಯಕ್ಷೆಗೇ ಪಾಠ ಹೇಳಿದಂತಾಗಿತ್ತು.

ಹಾಳೆಗಳನ್ನು ಹುಡುಕುವುದಕ್ಕೆ, ಬರೆದದ್ದನ್ನು ಹೊಡೆದುಹಾಕುವುದಕ್ಕೆ, ಪಕ್ಕದಲ್ಲಿ ಸಹಿ ಮಾಡುವುದಕ್ಕೆ ಮೂರು ನಿಮಿಷ ಹೋಯಿತು. ಕೊನೆಗೆ ನಲವತ್ತೆಂಟರ ಪುಟ ಸಿಕ್ಕಿತು. ಅಧ್ಯಕ್ಷೆ ಅದನ್ನು ಓದಿ, ‘ಇದ್ರಲ್ಲಿ ಸೇವೆ ಅನ್ನೋ ಮಾತು ಆರು ಸಲ ಬಂದಿದೆ’ ಎಂದರು.

‘ನಮ್ಮ ಚಿಕ್ಕಮ್ಮ ಬರೆಸಿದ್ದು ಮೇಡಂ.’

ಪೋಸ್ಟ್‌ಮ್ಯಾನ್ ಕೆಮ್ಮಿದಂತೆ ಮಾಡಿ ನಗು ಅಡಗಿಸಿದರು. ‘ನಾಲ್ಕು ನಿಮಿಷ ಇದೆ’ ಎಂದರು ಅಧ್ಯಕ್ಷೆ. ‘ನೀವೇ ಏನಾದ್ರೂ ಹೇಳೋದಿದ್ರೆ ಹೇಳಿ.’

ಬುದ್ಧಿಯಿದ್ದವರು ಯಾರೇ ಆಗಲಿ ಆ ನಾಲ್ಕು ನಿಮಿಷದಲ್ಲಿ ತಮ್ಮ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡುತ್ತಾರೆ. ಇವಳು ಹೇಳಿದ್ದು ಇಷ್ಟು: ‘ಒಂದು ಕೇಳಲಾ? ಆ ತಾತಂಗೆ ಆಮೇಲೆ ಏನಾಯ್ತು? ಅದ್ರಲ್ಲಿ ಬರೆದಿದ್ಯಾ?’

‘ಅದನ್ನ ನಿಮಗೆ ಹೇಳೋ ಹಾಗಿಲ್ಲ. ಯಾಕೆ ಕೇಳ್ತಿದೀರಿ?’

ಚಿಕ್ಕಮ್ಮನ ನಲವತ್ತು ಉತ್ತರಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಹಾಗಾಗಿ ತನ್ನದನ್ನೇ ಹೇಳಬೇಕಾಯಿತು.

‘ನಾನು ರಕ್ತ ತೆಗೆಯೋಳು ಮೇಡಂ. ಟ್ಯೂಬು ಒಂದು ಕಿಂಡಿಯಲ್ಲಿ ಹೋಗುತ್ತೆ, ಮನುಷ್ಯ ಒಂದು ಬಾಗಿಲಲ್ಲಿ ಹೋಗ್ತಾನೆ. ಆಮೇಲೆ ಏನಾಯ್ತು ಅಂತ ನನಗೆ ಗೊತ್ತಾಗಲ್ಲ. ಒಬ್ರು ಬೀಗ ರಿಪೇರಿ ಮಾಡೋರು ಬರ್ತಿದ್ರು, ಮೂರು ತಿಂಗಳು, ಪ್ರತಿ ಸೋಮವಾರ. ನರ ಸಿಗ್ತಿರ್ಲಿಲ್ಲ. ಅವರೇ ಬೆರಳಿಟ್ಟು, ಇಲ್ಲಿ ತಿರುಗಿಸಮ್ಮ, ಇಲ್ಲಿ ತೆರೆಯುತ್ತೆ ಅನ್ನೋರು. ಒಂದು ಸೋಮವಾರ ಬರಲಿಲ್ಲ. ವಾಸಿ ಆಯ್ತು ಅಂತ ಬರಲಿಲ್ವೋ, ಬೇರೆ ಏನೋ. ಕೇಳೋ ಹಕ್ಕು ನನಗಿಲ್ಲ. ಅವರ ರಕ್ತ ನನ್ನ ಕೈಯಲ್ಲಿ ಬೆಚ್ಚಗಿತ್ತು ಮೇಡಂ. ಅದ್ರೊಳಗೆ ಏನಿತ್ತು ಅನ್ನೋದು ಮಾತ್ರ ನನಗೆ ಗೊತ್ತಿಲ್ಲ. ಸೇವೆ ಅಂತ ನಾನು ಹೇಳಬಹುದು, ಸುಳ್ಳೇನಲ್ಲ. ಆದ್ರೆ ನಿಜವಾಗಿ ನನ್ನನ್ನ ಇಲ್ಲಿಗೆ ಮೂರು ಸಲ ಎಳ್ಕೊಂಡು ಬಂದಿದ್ದು ಇದೇ. ನನಗೆ ತಿಳ್ಕೋಬೇಕು. ತಿಳ್ಕೊಂಡ್ಮೇಲೆ ಸುಮ್ನೆ ಕೂರೋಕಾಗದ ಜಾಗದಲ್ಲಿ ಇರಬೇಕು.’

ಆಮೇಲೆ ಪೋಸ್ಟ್‌ಮ್ಯಾನ್, ಅಷ್ಟು ಹೊತ್ತೂ ಬಾಯಿ ಬಿಡದವರು, ತಮಗೆ ತಾವೇ ಹೇಳಿಕೊಂಡ ಹಾಗೆ ಹೇಳಿದರು. ‘ಮೂವತ್ತು ವರ್ಷ ಕಾಗದ ಹಂಚಿದೆ. ಕೊಡೋದು, ಸೈಕಲ್ ಹತ್ತೋದು. ಹಿಂದಿನಿಂದ ಒಂದೊಂದ್ಸಲ ಅಳು ಕೇಳಿಸೋದು. ತಿರುಗಿ ನೋಡೋ ಹಾಗಿರ್ಲಿಲ್ಲ.’

ಗಂಟೆ ಹೊಡೆಯಿತು. ಅಧ್ಯಕ್ಷೆ ‘ಆಯ್ತು, ಹೋಗಿ ಬನ್ನಿ’ ಎಂದರು. ಅವರ ಮುಖದಲ್ಲಿ ಏನಿತ್ತು ಎಂದು ಅವಳಿಗೆ ಓದಲು ಬರಲಿಲ್ಲ. ಆ ಮುಖ ಮುಚ್ಚಿದ ಲಕೋಟೆಯ ಹಾಗಿತ್ತು.

ಹೊರಗೆ ಬಂದಾಗ ನಲವತ್ತೇಳು ಬಾಗಿಲ ಬಳಿಯೇ ಬಿಳಿಚಿಕೊಂಡು ನಿಂತಿದ್ದಳು. ಜವಾನ ಅವಳನ್ನು ಒಳಗೆ ದಬ್ಬಿದಂತೆ ಕಳಿಸಿದ. ಬೇರೆ ಯಾರಾದರೂ ಆಗಿದ್ದರೆ ಮುಖ ಮುಚ್ಚಿಕೊಂಡು ಮನೆಯ ದಾರಿ ಹಿಡಿಯುತ್ತಿದ್ದರು. ಸೊಳ್ಳೆಯಕ್ಕ ಅದೇ ಕುರ್ಚಿಯಲ್ಲಿ ಮತ್ತೆ ಕೂತಳು. ಇಪ್ಪತ್ತು ನಿಮಿಷ ಕಾದಳು. ಸೀಟು ಹೋಗಿದ್ದರೂ ಹೋಗಲಿ, ಇದೊಂದನ್ನು ಕೇಳದೆ ಹೋಗುವುದು ಅವಳಿಂದ ಆಗದ ಮಾತು. ಇಲ್ಲಿ ಕಿಂಡಿಯಿರಲಿಲ್ಲ, ಲಕೋಟೆಯಿರಲಿಲ್ಲ, ಬಾಗಿಲು ಮಾತ್ರ ಇತ್ತು. ಬಾಗಿಲು ತೆಗೆದು ಹುಡುಗಿ ಬಂದಳು. ಕಣ್ಣು ಒದ್ದೆಯಾಗಿತ್ತು, ಮುಖ ಮಾತ್ರ ಅರಳಿತ್ತು.

‘ನಿಮ್ಮ ತಾತ ಹೇಗಿದಾರೆ?’ ಎಂದು ನೇರವಾಗಿ ಕೇಳಿದಳು ಸೊಳ್ಳೆಯಕ್ಕ. ಆಮೇಲೆ ನಡೆದದ್ದನ್ನೆಲ್ಲ ಹೇಳಿ ಕ್ಷಮೆಯನ್ನೂ ಕೇಳಿದಳು.

ಹುಡುಗಿ ಕೋಪ ಮಾಡಿಕೊಳ್ಳಲಿಲ್ಲ. ತಾತನ ವಿಷಯ ಬಂದದ್ದೇ ಸಾಕಾಗಿತ್ತು ಅವಳಿಗೆ. ‘ಚೆನ್ನಾಗಿದಾರೆ ಅಕ್ಕ. ದಿನಾ ಬೆಳಗ್ಗೆ, ನೀವು ಯಾರು ಅಂತ ಕೇಳ್ತಾರೆ. ಮೊದಲು ನಿಮ್ಮ ಮೊಮ್ಮಗಳು ಅಂತಿದ್ದೆ. ಗೊತ್ತಾಗದೆ ತುಂಬ ಸಂಕಟಪಡೋರು. ಅದಕ್ಕೆ ಈಗ ದಿನಕ್ಕೊಂದು ಕೆಲಸ ಹೇಳ್ತೀನಿ. ಒಂದಿನ ಬಸ್ ಡ್ರೈವರ್, ಒಂದಿನ ದರ್ಜಿ. ಡ್ರೈವರ್ ಅಂದ ದಿನ ಟಿಕೆಟ್‌ಗೆ ಜೇಬು ತಡಕಾಡಿದ್ರು. ನಿನ್ನೆ ಡಾಕ್ಟರ್ ಅಂದೆ. ತಕ್ಷಣ ನಾಲಿಗೆ ಚಾಚಿ ತೋರಿಸಿದ್ರು.’

ಇಬ್ಬರೂ ಓಣಿಯಲ್ಲಿ ನಿಂತು ಬಿದ್ದು ಬಿದ್ದು ನಕ್ಕರು. ಜವಾನ ಸದ್ದು ಮಾಡಬೇಡಿ ಎಂದು ಎರಡು ಸಲ ಹೇಳಬೇಕಾಯಿತು.

ಮನೆಯಲ್ಲಿ ನಗುವ ಪರಿಸ್ಥಿತಿ ಇರಲಿಲ್ಲ. ಚಿಕ್ಕಮ್ಮ ಎಲ್ಲವನ್ನೂ ಕೇಳಿ, ‘ಅವರು ಮೆಚ್ಚಿಕೊಂಡಿದ್ದನ್ನ ಕೈಯಾರೆ ವಾಪಸ್ ಕೊಟ್ಟು ಬಂದ್ಯಾ? ಉಳಿದ ನಾಲ್ಕು ನಿಮಿಷ ಯಾರದೋ ತಾತನ ಯೋಗಕ್ಷೇಮ ವಿಚಾರಿಸಿದ್ಯಾ?’ ಎಂದು ಕೇಳಿ, ತಮ್ಮ ನಲವತ್ತು ಉತ್ತರಗಳ ನೋಟ್‌ಬುಕ್ಕನ್ನು ಎತ್ತಿಕೊಂಡು ಮೇಲಕ್ಕೆ ಹೋದವರು ಒಂದು ವಾರ ಕೆಳಗೆ ಇಳಿಯಲಿಲ್ಲ. ಅಮ್ಮ ಬೈಯಲಿಲ್ಲ. ‘ಹೇಳಿದ್ದು ಸರಿಯಾಯ್ತು’ ಎಂದಷ್ಟೇ ಅಂದಳು. ಆ ಮಾತಿಗೆ ಸೊಳ್ಳೆಯಕ್ಕನಿಗೆ ತಡೆಯಲಾಗದ ಅಳು ಬಂತು. ಸರಿಯಾದದ್ದನ್ನು ಮಾಡಿದರೆ ದುಃಖ ಕಡಿಮೆಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವಳಿಗೆ ಆ ಸೀಟು ಬೇಕಿತ್ತು. ಮೂರು ವರ್ಷ ಬೇರೇನೂ ಬೇಡವಾಗಿತ್ತು. ಅದು ಹೋಯಿತು ಎಂದು ಅವಳು ಮನಸ್ಸಿನಲ್ಲಿ ಬರೆದು ಸಹಿ ಹಾಕಿಬಿಟ್ಟಳು.

ಇಪ್ಪತ್ತು ದಿನ ಕಳೆದು ಒಂದು ಬೆಳಗ್ಗೆ, ಎಂಟು ಗಂಟೆಯ ಹೊತ್ತಿಗೆ, ಕೋಟಿನ ಜೇಬಿನಲ್ಲಿ ಫೋನು ಎರಡು ಸಲ ನಡುಗಿತು. ಆಗ ಅವಳ ಸೂಜಿ ಒಬ್ಬರ ತೋಳಿನಲ್ಲಿತ್ತು. ಫಲಿತಾಂಶ ಬರುವ ದಿನ ಅದೇ ಎಂದು ಅವಳಿಗೆ ಗೊತ್ತಿತ್ತು. ಆದರೂ ಜೇಬಿಗೆ ಕೈ ಹಾಕಲಿಲ್ಲ. ಹೊರಗೆ ಬೆಂಚಿನಲ್ಲಿ ಹದಿನಾಲ್ಕು ಮಂದಿ, ಎಲ್ಲರೂ ರಾತ್ರಿಯಿಂದ ಏನೂ ತಿಂದಿಲ್ಲ. ಸೀಟು ಇಲ್ಲ ಎಂದು ಓದಿಬಿಟ್ಟರೆ ಕೈ ನಡುಗುತ್ತದೆ, ನಡುಗುವ ಕೈಯಲ್ಲಿ ಅವರನ್ನು ಚುಚ್ಚುವುದು ಹೇಗೆ? ಹದಿಮೂರು ತೋಳು ಮುಗಿಸಿದಳು. ಒಂದೇ ಒಂದು ಉಳಿದಾಗ, ಆ ಕೊನೆಯವರು ಕೋಲೂರಿಕೊಂಡು ಒಳಗೆ ಬರುವ ಅಷ್ಟು ಹೊತ್ತಿನಲ್ಲಿ, ತಡೆದುಕೊಳ್ಳಲಾಗದೆ ಫೋನು ತೆಗೆದು ನೋಡಿದಳು.

ಕೊನೆಯವರು ಬೇಕರಿಯಿಂದ ಬರುವ ಒಬ್ಬ ಅಜ್ಜಿ, ಮಗನ ಅಂಗಡಿಯಲ್ಲಿ ಈಗಲೂ ಬೆಳಗ್ಗೆ ನಾಲ್ಕಕ್ಕೆ ಎದ್ದು ಹಿಟ್ಟು ಕಲಸುವವರು. ತಾವೇ ಕುರ್ಚಿಯಲ್ಲಿ ಕೂತು, ರವಿಕೆಯ ತೋಳು ಮಡಿಸಿ, ಕೈ ಚಾಚಿದರು. ಸೂಜಿ ಬರಲಿಲ್ಲ. ತಲೆ ಎತ್ತಿ ನೋಡಿದರೆ ಸೊಳ್ಳೆಯಕ್ಕ ಕಿಂಡಿಯ ಕಡೆಗೆ ತಿರುಗಿ ನಿಂತಿದ್ದಳು, ಅವಳ ಬೆನ್ನು ಅಲುಗುತ್ತಿತ್ತು.

‘ಏನಾಯ್ತಮ್ಮ?’

‘ಏನಿಲ್ಲ ಅಜ್ಜಿ. ಒಂದ್ನಿಮಿಷ.’

‘ಏನಿಲ್ಲ ಅಂದ್ರೆ ಕೇಳೋಳಲ್ಲ ನಾನು. ಐದು ವರ್ಷದಿಂದ ನನ್ನ ರಕ್ತ ತಗೋತಿದೀಯ, ನಿನ್ನ ಸುದ್ದಿ ನಾನು ಒಂದಿನಾನೂ ಕೇಳಿಲ್ಲ. ಏನಾಯ್ತು ಹೇಳು.’

ಅವಳನ್ನು ಆ ಕೋಣೆಯಲ್ಲಿ ಹನ್ನೊಂದು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಅವಳು ಮುಖ ಒರೆಸಿಕೊಂಡು ತಿರುಗಿದಳು. ‘ಡಾಕ್ಟರ್ ಓದೋಕೆ ಸೀಟು ಸಿಕ್ಕಿದೆ ಅಜ್ಜಿ.’

ಅಜ್ಜಿ ಅವಳನ್ನೊಮ್ಮೆ, ಅವಳ ಬೆರಳುಗಳನ್ನೊಮ್ಮೆ ನೋಡಿದರು. ಬೆರಳುಗಳು ಗಾಳಿಗೆ ಸಿಕ್ಕ ಎಲೆಗಳಂತೆ ನಡುಗುತ್ತಿದ್ದವು. ಅಜ್ಜಿ ಮಡಿಸಿದ ರವಿಕೆಯ ತೋಳನ್ನು ಕೆಳಗೆ ಇಳಿಸಿಕೊಂಡು, ಪಕ್ಕದ ಸ್ಟೂಲನ್ನು ಕೋಲಿನ ತುದಿಯಿಂದ ಅವಳ ಕಡೆಗೆ ತಳ್ಳಿದರು.

‘ಕೂತ್ಕೋ. ಚೆನ್ನಾಗಿ ಅತ್ತುಬಿಡು’ ಎಂದರು. ‘ನನಗೆ ಹಸಿವಾಗ್ತಿದೆ, ಪರವಾಗಿಲ್ಲ, ಕಾಯ್ತೀನಿ.’